ಕೊಂಡೋರು, ಕುಂತೋರು

2025ರ ಸೆಪ್ಟೆಂಬರ್ 22ಕ್ಕೆ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತಲ್ಲ, ಆ ವಾರ ನಮ್ಮ ಆಫೀಸಿನಲ್ಲಿ ಕೋಡ್ ಬರೆದವರಿಗಿಂತ ಆನ್-ರೋಡ್ ಬೆಲೆ ಲೆಕ್ಕ ಹಾಕಿದವರೇ ಜಾಸ್ತಿ. ಇನ್ನೂ ಬೈಕಿನಲ್ಲೇ ಓಡಾಡುವ ನನ್ನನ್ನು ನೋಡಿ ಪಕ್ಕದ ಡೆಸ್ಕಿನ ಗೆಳೆಯ ಅಂದ: "ತಗೊಳ್ಳೋ ಮಾರಾಯ, ಇದೂ ಒಂಥರ ದೇಶಸೇವೆನೇ. ನೀನೊಂದು ಕಾರು ತಗೊಂಡ್ರೆ ಎಷ್ಟು ಜನದ ಹೊಟ್ಟೆ ತುಂಬುತ್ತೆ ಗೊತ್ತಾ?"

ಅವನು ಹೇಳಿದ್ದು ಸುಳ್ಳಲ್ಲ. ಒಂದು ಕಾರಿನ ಹಿಂದೆ ಉಕ್ಕಿದೆ, ರಬ್ಬರ್ ಇದೆ, ಗಾಜಿದೆ, ಬಣ್ಣ ಇದೆ, ಬ್ಯಾಂಕಿದೆ, ಇನ್ಶೂರೆನ್ಸ್ ಇದೆ, ಕೊನೆಗೆ ಗ್ರೀಸ್ ಮೆತ್ತಿದ ಕೈಯ ಮೆಕ್ಯಾನಿಕ್ ಇದ್ದಾನೆ. ದೇಶದ ಜಿಡಿಪಿಯಲ್ಲಿ ವಾಹನ ಉದ್ಯಮದ ಪಾಲು ಸುಮಾರು 7 ಪರ್ಸೆಂಟ್ ಅಂತ ಸರ್ಕಾರವೇ ಹೇಳುತ್ತದೆ. 2022ರಲ್ಲಿ ನಾವು ಜಪಾನನ್ನು ಹಿಂದೆ ಹಾಕಿ ಜಗತ್ತಿನ ಮೂರನೇ ದೊಡ್ಡ ವಾಹನ ಮಾರುಕಟ್ಟೆ ಆದೆವು. 2024-25ರಲ್ಲಿ ಕಾರು, ಜೀಪು, ವ್ಯಾನು ಎಲ್ಲ ಸೇರಿ 43 ಲಕ್ಷ ಹೋದವು. ನಮ್ಮದೇ ರಾಜ್ಯದಲ್ಲಿ ಬಿಡದಿ ನೋಡಿ. ತೊಂಬತ್ತರ ದಶಕದ ಕೊನೆಗೆ ಟೊಯೊಟಾ ಕಿರ್ಲೋಸ್ಕರ್ ಬರುವ ಮುಂಚೆ ಬೆಂಗಳೂರು-ಮೈಸೂರು ದಾರಿಯಲ್ಲಿ ತಟ್ಟೆ ಇಡ್ಲಿಗೆ ಬಸ್ ನಿಲ್ಲುತ್ತಿದ್ದ ಊರು ಅದು. ಈಗ ಸಾವಿರಾರು ಮನೆಗಳ ಒಲೆ ಆ ಕಾರ್ಖಾನೆಯ ಶಿಫ್ಟಿನ ಮೇಲೆ ಉರಿಯುತ್ತದೆ. ಕಾರು ಕಟ್ಟಿ ಮೇಲೆದ್ದ ದೇಶಗಳಿವೆ. ದಕ್ಷಿಣ ಕೊರಿಯಾ ನಮ್ಮ ಕಣ್ಣೆದುರೇ ಎದ್ದಿತು. ಇದರ ಮೇಲೆ ನನ್ನ ತಕರಾರಿಲ್ಲ. ನಾಳೆ ನಾನೂ ಒಂದು ಕಾರು ತಗೋತೀನಿ.

ಆದರೆ ಒಂದು ಸಣ್ಣ ವಿಷಯ ನನಗೆ ಬಿಡದೆ ಕಾಡುತ್ತದೆ. ಈ 43 ಲಕ್ಷ ಅನ್ನುವುದು ತಯಾರಕರ ಸಂಘ ಕೊಡುವ ಸಂಖ್ಯೆ. ಅದು ಎಣಿಸುವುದು ಬಹುಪಾಲು ಕಾರ್ಖಾನೆಯ ಗೇಟಿನಿಂದ ಡೀಲರ್‌ಗೆ ಹೊರಟ ಗಾಡಿಗಳನ್ನು. ಅಂದರೆ ದೇಶದ ಲೆಕ್ಕದಲ್ಲಿ ಕಾರಿನ ಕಥೆ ಗಿರಾಕಿ ಕೀಲಿ ಹಿಡಿಯುವುದಕ್ಕೂ ಮುಂಚೆ ಮುಗಿದುಹೋಗಿರುತ್ತದೆ. ನಮ್ಮ ಕಡೆ ಕಥೆ ಶುರುವಾಗುವುದೇ ಅದಾದ ಮೇಲೆ.

ನಮ್ಮ ಕಡೆ ಅಂದರೆ ರಾಯಚೂರು ಜಿಲ್ಲೆ, ದೇವದುರ್ಗ ತಾಲೂಕು. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿ ಕೊಟ್ಟಾಗ ಅದರಲ್ಲಿ ನಮ್ಮದಿತ್ತು. ಆ ಕಡೆ ಕೃಷ್ಣಾ, ಈ ಕಡೆ ತುಂಗಭದ್ರಾ, ನಡುವೆ ನಾವು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕೊನೆಯ ಹೊಲಕ್ಕೆ ಬರುವಷ್ಟರಲ್ಲಿ ಸುದ್ದಿ ಮಾತ್ರ ಬರುತ್ತದೆ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆಯ ಕೊನೆಭಾಗದವರದೂ ಇದೇ ಹಾಡು. ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ಮುಗಿದ ಮೇಲೆ ಊರಿನ ಅರ್ಧ ಮನೆಗೆ ಕೀಲಿ. ಮಂದಿ ಗುಳೆ ಹೊರಡುತ್ತಾರೆ, ಬೆಂಗಳೂರಿಗೆ, ಕಟ್ಟಡದ ಕೆಲಸಕ್ಕೆ. ನಾನು ಕೂತು ಕೆಲಸ ಮಾಡುವಂಥ ಗಾಜಿನ ಕಟ್ಟಡಗಳಿಗೆ ಮರಳು ಹೊತ್ತವರಲ್ಲಿ ನಮ್ಮ ತಾಲೂಕಿನವರು ಇರದೇ ಇರುವುದು ಕಷ್ಟ.

ಅವರು ಹೋಗುವುದು ಕ್ರೂಸರಿನಲ್ಲಿ. ಪುಣೆಯ ಫೋರ್ಸ್ ಮೋಟಾರ್ಸ್, ಅಂದರೆ ಹಳೆಯ ಬಜಾಜ್ ಟೆಂಪೊ, ಮಾಡುವ ಟ್ರ್ಯಾಕ್ಸ್ ಗಾಡಿಗಳ ಒಂದು ಮಾದರಿಯ ಹೆಸರು ಅದು. ಆದರೆ ನಮ್ಮಲ್ಲಿ ಆ ಆಕಾರದ ಗಾಡಿ ಯಾವುದಾದರೂ ಕ್ರೂಸರೇ, ವನಸ್ಪತಿ ಯಾವುದಾದರೂ ಡಾಲ್ಡಾ ಆದ ಹಾಗೆ. ಮದುವೆಗೆ ಅದು, ಮಂತ್ರಾಲಯಕ್ಕೆ ಅದು, ಹೆರಿಗೆಗೆ ಅದು, ಹೆಣ ತರುವುದಕ್ಕೂ ಅದು. ಮಾದರಿ ನೋಡಿಕೊಂಡು ಡ್ರೈವರ್ ಸೇರಿ ಹತ್ತೋ ಹದಿಮೂರೋ ಸೀಟು. ಹಿಂದೆ ಎದುರುಬದುರು ಬೆಂಚು. ಗುಳೆ ಹೊರಟ ರಾತ್ರಿ ಅದರಲ್ಲಿ ಇಪ್ಪತ್ತರ ಮೇಲೆ ಮಂದಿ. ಮಕ್ಕಳನ್ನು ಯಾರೂ ಎಣಿಸುವುದಿಲ್ಲ. ಟಾಪಿನ ಮೇಲೆ ಜೋಳದ ಚೀಲ, ಹಾಸಿಗೆ, ಬೋಗಾಣಿ, ಸಲಿಕೆ.

2022ರ ಆಗಸ್ಟ್ 25, ಗುರುವಾರ ಬೆಳಗಿನ ಜಾವ ತುಮಕೂರು ಜಿಲ್ಲೆಯ ಶಿರಾ ತಾಲೂಕಿನಲ್ಲಿ, ಕಳ್ಳಂಬೆಳ್ಳ ಹತ್ತಿರ ಹೆದ್ದಾರಿಯಲ್ಲಿ ಅಂಥದೊಂದು ಗಾಡಿಗೂ ಲಾರಿಗೂ ಡಿಕ್ಕಿಯಾಯಿತು. ಒಂಬತ್ತು ಜನ ಸತ್ತರು. ಎಲ್ಲ ನಮ್ಮ ಜಿಲ್ಲೆಯವರು, ಬೆಂಗಳೂರಿಗೆ ಕೂಲಿಗೆ ಹೊರಟವರು. ಸತ್ತವರಲ್ಲಿ ಮಕ್ಕಳಿದ್ದರು. ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಿದ್ದರು. ಪ್ರಧಾನಿ ಪರಿಹಾರ ನಿಧಿಯಿಂದ ಸತ್ತವರ ಮನೆಗೆ 2 ಲಕ್ಷ, ಗಾಯಗೊಂಡವರಿಗೆ 50 ಸಾವಿರ ಘೋಷಣೆಯಾಯಿತು. ಎರಡು ದಿನ ಟಿವಿಯಲ್ಲಿ ಬಂತು. "ಕುರಿಗಳಂತೆ ತುಂಬಿಕೊಂಡು" ಅನ್ನುವ ಮಾತನ್ನು ಆಂಕರ್‌ಗಳು ಪ್ರತೀ ಸಲ ಇಂಥ ಕಡೆ ಬಳಸುತ್ತಾರೆ. ತುಂಬಿದವರು ಯಾರು, ತುಂಬಿಸಿಕೊಂಡವರು ಯಾಕೆ ಅನ್ನುವುದಕ್ಕೆ ಹೋಗುವುದಿಲ್ಲ.

ಹತ್ತು ದಿನ ಕಳೆಯಿತು. ಸೆಪ್ಟೆಂಬರ್ 4ಕ್ಕೆ ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಟಾಟಾ ಸನ್ಸ್‌ನ ಮಾಜಿ ಚೇರ್‌ಮನ್ ಸೈರಸ್ ಮಿಸ್ತ್ರಿ ಕಾರ್ ಅಪಘಾತದಲ್ಲಿ ತೀರಿಕೊಂಡರು. ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ. ಇಡೀ ದೇಶ ಹಿಂದಿನ ಸೀಟಿನ ಬೆಲ್ಟಿನ ಬಗ್ಗೆ ಮಾತಾಡಿತು. ಕೇಂದ್ರ ಸಚಿವರು ಮಾತಾಡಿದರು. ಹಿಂದಿನ ಸೀಟಿನವರು ಬೆಲ್ಟ್ ಹಾಕದಿದ್ದರೂ ಕಾರು ಕೂಗಬೇಕು ಅನ್ನುವ ಕರಡು ನಿಯಮ ಅದೇ ತಿಂಗಳು ಬಂತು. ಒಳ್ಳೆಯ ನಿಯಮ. ಅದರಿಂದ ಜೀವ ಉಳಿಯುತ್ತವೆ, ಒಬ್ಬರ ಸಾವಿನಿಂದ ಸಾವಿರ ಜನಕ್ಕೆ ಉಪಕಾರವಾದರೆ ಅದನ್ನು ಹಂಗಿಸುವುದು ಸಣ್ಣತನ. ನನ್ನ ಪ್ರಶ್ನೆ ಇಷ್ಟೇ: ಹತ್ತು ದಿನದ ಹಿಂದಿನ ಒಂಬತ್ತು ಸಾವುಗಳು ಯಾವ ಕರಡನ್ನೂ ಬರೆಸಲಿಲ್ಲ ಯಾಕೆ?

ದುಡ್ಡಿದ್ದವರ ಜೀವಕ್ಕೆ ಬೆಲೆ, ಬಡವರದಕ್ಕಿಲ್ಲ ಅಂತ ಥಟ್ಟನೆ ಉತ್ತರ ಬರುತ್ತದೆ. ಅದು ನಿಜವಿರಬಹುದು, ಆದರೆ ಸೋಮಾರಿ ಉತ್ತರ. ನಾನು ಈ ಕೆಲಸದ ಒಳಗೇ ಇರುವವನು. ನಮ್ಮ ಟೀಮು ಬರೆಯುವುದು ಇದೇ ಬೆಲ್ಟ್ ಕೂಗಿನ ಸಾಫ್ಟ್‌ವೇರ್. ಸೀಟಿನ ಮೇಲೆ ಭಾರ ಬಿತ್ತು, ಬಕಲ್ ಸಿಕ್ಕಿಲ್ಲ, ಗಾಡಿ ಚಲಿಸುತ್ತಿದೆ, ಅಂದರೆ ಕೂಗು. ನೀವು ಪಕ್ಕದ ಸೀಟಿನ ಮೇಲೆ ಲ್ಯಾಪ್‌ಟಾಪ್ ಬ್ಯಾಗ್ ಇಟ್ಟಾಗ ಕಾರು ಅದನ್ನೇ ಮನುಷ್ಯ ಅಂದುಕೊಂಡು ಬಡಕೊಳ್ಳುತ್ತಲ್ಲ, ಅದು ನಮ್ಮಂಥವರ ಕೃಪೆ. ಇಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇಲ್ಲ. ಒಂದು ಮೈಕ್ರೊ ಸೆಕೆಂಡ್ ತಡವಾದರೆ ಏನು ಅಂತ ರಾತ್ರಿ ಹತ್ತರವರೆಗೆ ಜಗಳ ಆಡುವ ಜನ ನಾವು. ತಪ್ಪು ಮನಸ್ಸಿನಲ್ಲಿಲ್ಲ, ಎಣಿಕೆಯಲ್ಲಿದೆ.

ಹೇಗೆ ಅಂದರೆ, ವಾಹನಗಳಿಗೆ ವರ್ಗಗಳಿವೆ. ಡ್ರೈವರ್ ಬಿಟ್ಟು ಎಂಟು ಸೀಟಿನವರೆಗೆ ಇದ್ದರೆ ಅದು ಎಂ-1. ಒಂಬತ್ತನೇ ಸೀಟು ಬಂತೋ, ಎಂ-2. 2019ರ ಜುಲೈನಿಂದ ಕಡ್ಡಾಯವಾದ ಡ್ರೈವರ್ ಏರ್‌ಬ್ಯಾಗ್, ಬೆಲ್ಟ್ ಕೂಗು, ವೇಗದ ಎಚ್ಚರಿಕೆ ಇವೆಲ್ಲ ಮುಖ್ಯವಾಗಿ ಎಂ-1 ಗಾಡಿಗಳಿಗೆ ಅಂತಲೇ ಹೊಲಿದ ಅಂಗಿ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್, ಅದೇ ಗೋಡೆಗೆ ಕಾರು ಗುದ್ದಿಸಿ ಸ್ಟಾರ್ ಕೊಡುವ ಪರೀಕ್ಷೆ, ಅದೂ ಎಂ-1ಕ್ಕೆ ಮಾತ್ರ. ಐದು ಸ್ಟಾರ್ ಕಾರು ಬೇಕು ಅಂತ ನೀವು ಶೋರೂಮಿನಲ್ಲಿ ಕೇಳಬಹುದು. ಇಪ್ಪತ್ತು ಜನ ಹೋಗುವ ಗಾಡಿಗೆ ಎಷ್ಟು ಸ್ಟಾರ್ ಅಂತ ಕೇಳುವ ಜಾಗವೇ ಇಲ್ಲ. ಜನ ಹೆಚ್ಚಾದ ಹಾಗೆ ಕಾಳಜಿ ಹೆಚ್ಚಬೇಕಿತ್ತು ಅಂತ ಹಳ್ಳಿಯ ಮುದುಕಿಯೂ ಹೇಳುತ್ತಾಳೆ. ಇಲ್ಲಿ ಒಂಬತ್ತನೇ ಸೀಟಿಗೆ ಅದು ಮುಗಿದುಹೋಗುತ್ತದೆ. ಇದರ ಹಿಂದೆ ಪಿತೂರಿಯೇನಿಲ್ಲ. ಸ್ಟಾರ್ ಪರೀಕ್ಷೆ ಇರುವುದೇ ಕೊಳ್ಳುವವನು ಹೋಲಿಸಿ ಕೊಳ್ಳಲಿ ಅಂತ. ಕೂರುವವನು ಏನನ್ನೂ ಕೊಳ್ಳುವುದಿಲ್ಲ, ಹಾಗಾಗಿ ಅವನಿಗೆ ಹೋಲಿಕೆ ಬೇಕಾಗಿಲ್ಲ ಅನ್ನುವುದು ಒಳಗಿನ ನಂಬಿಕೆ.

ಒಂದು ವಸ್ತು ಮಾಡಿದವನ ಋಣ ಯಾರಿಗೆ? ಕೊಂಡವನಿಗೋ, ಅದರಲ್ಲಿ ಕೂತವನಿಗೋ? ಬೆಂಗಳೂರಿನಲ್ಲಿ ಈ ಪ್ರಶ್ನೆ ಹುಟ್ಟುವುದಿಲ್ಲ, ಯಾಕಂದರೆ ಇಲ್ಲಿ ಕೊಂಡವನೂ ಕೂತವನೂ ಒಬ್ಬನೇ, ಅಥವಾ ಒಂದೇ ಮನೆಯವರು. ಮಾನ್ವಿ ಬಸ್ ಸ್ಟ್ಯಾಂಡಿನ ಹೊರಗೆ ನಿಂತರೆ ಇಬ್ಬರೂ ಬೇರೆ ಬೇರೆ ಆಗಿ ಕಾಣುತ್ತಾರೆ. ದೇಶದ ನೂರು ಮನೆಗಳಲ್ಲಿ ಸುಮಾರು ಎಂಟು ಮನೆಗಳಲ್ಲಿ ಮಾತ್ರ ಕಾರಿದೆ ಅಂತ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಉಳಿದ ತೊಂಬತ್ತೆರಡು ಮನೆಯವರು ಕಾಲ್ನಡಿಗೆಯಲ್ಲೇ ಊರಿಂದೂರಿಗೆ ಹೋಗುವುದಿಲ್ಲವಲ್ಲ. ಅವರೂ ಯಾವುದರಲ್ಲೋ ಕುಂತಿರುತ್ತಾರೆ.

ಕುಂತವರನ್ನು ಒಮ್ಮೆ ನೋಡಿದ ಉದ್ಯಮಿ ಇದ್ದರು. ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ಹೋಗುತ್ತಿದ್ದ ಗಂಡ, ಹೆಂಡತಿ, ಮಕ್ಕಳನ್ನು ನೋಡಿ ತಮಗೆ ನ್ಯಾನೊ ಕಾರಿನ ಯೋಚನೆ ಬಂತು ಅಂತ ರತನ್ ಟಾಟಾ ಹೇಳಿದ್ದರು. ಆ ನೋಟದಲ್ಲಿ ಕರುಣೆ ಇತ್ತು, ಅನುಮಾನ ಬೇಡ. ಆದರೆ ಅವರಿಗೆ ಹೊಳೆದ ಪರಿಹಾರ ಕುಂತವರನ್ನು ಕೊಂಡವರನ್ನಾಗಿ ಮಾಡುವುದು. ಸಿಂಗೂರಿನ ರೈತರ ಜಮೀನಿನ ಜಗಳ ದಾಟಿ 2009ರಲ್ಲಿ ಲಕ್ಷ ರೂಪಾಯಿಯ ಕಾರು ಬಂತು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಗುದ್ದಿಸಿ ನೋಡಿದಾಗ ಅದಕ್ಕೆ ಸೊನ್ನೆ ಸ್ಟಾರ್. ಅದೊಂದಕ್ಕೇ ಅಲ್ಲ, ಆ ಸಲ ನೋಡಿದ ಐದೂ ಜನಪ್ರಿಯ ಮಾದರಿಗಳಿಗೆ ಸೊನ್ನೆ. ಸ್ಕೂಟರಿನಿಂದ ಇಳಿದು ಕಾರು ಹತ್ತಿದ ಕುಟುಂಬದ ತಲೆಯ ಮೇಲೆ ತಗಡಿನ ಸೂರು ಬಂತು, ಒಳಗಿನ ಜೀವದ ಹೊಣೆ ಅವರದೇ ಉಳಿಯಿತು. ದೇವದುರ್ಗದ ಕೂಲಿಯವರಿಗೆ ಆ ಲಕ್ಷವೂ ದೂರ. ಅವರನ್ನು ಕೊಂಡವರನ್ನಾಗಿ ಮಾಡುವ ಕಾರು ಇನ್ನೂ ಯಾರ ತಲೆಯಲ್ಲೂ ಹುಟ್ಟಿಲ್ಲ, ಹುಟ್ಟಬೇಕಾಗಿಯೂ ಇಲ್ಲ.

ನಮ್ಮ ಕೆಲಸದಲ್ಲಿ ಐಎಸ್‌ಒ 26262 ಅಂತ ಒಂದು ದಪ್ಪ ಸ್ಟ್ಯಾಂಡರ್ಡ್ ಇದೆ. ವಾಹನದ ಎಲೆಕ್ಟ್ರಾನಿಕ್ಸ್ ಕೆಟ್ಟರೆ ಯಾರಿಗೆ ಎಷ್ಟು ಪೆಟ್ಟು, ಅಂಥ ಪರಿಸ್ಥಿತಿ ಎಷ್ಟು ಸಲ ಬರುತ್ತದೆ, ಡ್ರೈವರ್ ಸಂಭಾಳಿಸಬಲ್ಲನೇ ಎಂದು ಮೊದಲೇ ಯೋಚಿಸು ಅನ್ನುತ್ತದೆ. ಅದರಲ್ಲಿ ನನಗೆ ಬಹಳ ಇಷ್ಟವಾದ ಮಾತೊಂದಿದೆ: ಸರಿಯಾದ ಬಳಕೆಯನ್ನಷ್ಟೇ ಅಲ್ಲ, ಮೊದಲೇ ಊಹಿಸಬಲ್ಲ ದುರ್ಬಳಕೆಯನ್ನೂ ಗಣನೆಗೆ ತಗೋಬೇಕು. ಜನ ತಪ್ಪಾಗಿ ಬಳಸಿದರು, ನಮ್ಮ ಜವಾಬ್ದಾರಿ ಇಲ್ಲ ಅಂತ ಕೈ ತೊಳೆದುಕೊಳ್ಳುವಂತಿಲ್ಲ. ಇದು ಎಂಜಿನಿಯರಿಂಗ್ ಭಾಷೆಯಲ್ಲಿ ಬರೆದ ಧರ್ಮಸೂಕ್ಷ್ಮ. ಆ ಮಾತನ್ನು ಹಿಡಿದು ರಾಯಚೂರಿನ ತೀನ್ ಕಂದಿಲ್ ಸರ್ಕಲ್ಲಿನಲ್ಲಿ ಅರ್ಧ ಗಂಟೆ ನಿಂತು ನೋಡಿ. ಹದಿಮೂರು ಸೀಟಿನ ಗಾಡಿಯಲ್ಲಿ ಹದಿಮೂರೇ ಜನ ಹೋದರೆ ಅದು ವಿಶೇಷ. ಎಲ್ಲರಿಗೂ ಗೊತ್ತಿರುವ, ಮೂವತ್ತು ವರ್ಷದಿಂದ ನಡೆದುಬಂದಿರುವ ದುರ್ಬಳಕೆಯನ್ನು ಬಳಕೆ ಅಂತಲೇ ಕರೆಯಬೇಕಾಗುತ್ತದೆ. ಭಾರ ಮಿತಿ ಮೀರಿದಾಗ ಲಿಫ್ಟ್ ಕೂಗುತ್ತದೆ, ಬಾಗಿಲು ಹಾಕಿಕೊಳ್ಳುವುದಿಲ್ಲ. ಅದೇ ಬುದ್ಧಿ ಗಾಡಿಗೆ ಕಲಿಸುವುದು ತಾಂತ್ರಿಕವಾಗಿ ದೊಡ್ಡ ಸಂಗತಿಯೇನಲ್ಲ.

ಹಾಗಂತ ನಾನು ಹೋದ ದೀಪಾವಳಿಗೆ ಊರಲ್ಲಿ ನಮ್ಮ ಓಣಿಯ ಮೇಸ್ತ್ರಿ ಕಾಕಾನ ಮುಂದೆ ಹೇಳಿದೆ. ಅವನು ವರ್ಷಕ್ಕೆ ಏಳೆಂಟು ಟ್ರಿಪ್ ಮಂದಿ ಕಳಿಸುವವನು. ತಂಬಾಕು ತಿಕ್ಕುತ್ತ ಕೇಳಿದ. "ಆತಪ್ಪ, ಹದಿಮೂರಾದ ಮ್ಯಾಲ ಗಾಡಿ ನಿಂದ್ರತದ ಅಂತ ತಿಳ್ಕೊ. ಉಳದ ಹನ್ನೊಂದ ಮಂದಿ ಎಲ್ಲಿ ಹೋಗಬೇಕು? ನಿನ್ನ ಕಂಪೂಟರ್ ಹೇಳ್ತದೇನು?" ಆಮೇಲೆ ಲೆಕ್ಕ ಬಿಡಿಸಿದ. ಗಾಡಿಯ ಬಾಡಿಗೆ ಒಂದೇ. ಇಪ್ಪತ್ನಾಲ್ಕಕ್ಕೆ ಹಂಚುವುದನ್ನು ಹನ್ನೆರಡಕ್ಕೆ ಹಂಚಿದರೆ ತಲೆಗೆ ಎರಡರಷ್ಟು. ಗಂಡ, ಹೆಂಡತಿ, ಎರಡು ಮಕ್ಕಳಿಗೆ ಸೀಟು ಹಿಡಿದರೆ ಕೆಲವು ದಿನದ ಪಗಾರು ದಾರಿಯಲ್ಲೇ ಹೋಯಿತು. "ಸೇಫ್ಟಿ ಸೇಫ್ಟಿ ಅಂತೀರಿ ತಮ್ಮಾ, ಅದರ ರೊಕ್ಕ ಯಾರ್ ಕೊಡೋರು ಅನ್ನೋದು ಹೇಳಂಗಿಲ್ಲ ನೀವು."

ಸುರಕ್ಷತೆಯ ಪರ ಬರೆಯುವವರು ಎದುರಿಸಬೇಕಾದ ಮಾತು ಇದು, ಮತ್ತು ಇದು ಕಾಕಾನ ಸ್ವಾರ್ಥದ ಮಾತು ಅಂತ ತಳ್ಳಿಹಾಕುವುದು ಸುಲಭ. ಸ್ವಾರ್ಥವೂ ಇದೆ ಅನ್ನಿ, ಕಮಿಷನ್ ಅವನ ಕೈಗೇ ಬರುವುದು. ಆದರೂ ಒಬ್ಬನ ಜೀವ ಉಳಿಸುತ್ತೇನೆ ಅಂತ ಹೇಳಿ ಅವನ ಅನ್ನ ದುಬಾರಿ ಮಾಡುವ ಹಕ್ಕು ನನಗೆಲ್ಲಿದೆ? ಅಪಾಯ ಗೊತ್ತಿದ್ದೇ ಹತ್ತುತ್ತಾರೆ, ಅದು ಅವರ ಆಯ್ಕೆ ಅನ್ನುವವರಿದ್ದಾರೆ. ಕೂಸನ್ನು ಎತ್ತಿಕೊಂಡು ರಾತ್ರಿ ಹತ್ತಕ್ಕೆ ಇಪ್ಪತ್ಮೂರನೆಯವಳಾಗಿ ಗಾಡಿ ಹತ್ತುವವಳ ಮುಂದೆ ಇದ್ದದ್ದು ಹತ್ತುವುದು ಅಥವಾ ಹತ್ತದಿರುವುದು. ಮೇಸ್ತ್ರಿಯಿಂದ ಮುಂಗಡ ಬಂದಿದೆ, ಅದು ಖರ್ಚೂ ಆಗಿದೆ. ಅಷ್ಟನ್ನು ಆಯ್ಕೆ ಅನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಕಾಕಾನ ಪ್ರಶ್ನೆಯ ದಿಕ್ಕು ಮಾತ್ರ ಬದಲಿಸಬೇಕು ಅನಿಸುತ್ತದೆ. ರೊಕ್ಕ ಯಾರು ಕೊಡಬೇಕು? ಅವರು ಹೋಗುತ್ತಿರುವುದು ಯಾತ್ರೆಗಲ್ಲ, ಯಾರದೋ ಕೆಲಸಕ್ಕೆ. ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿನ ಬೆಲೆಯಲ್ಲಿ ಇಟಾಲಿಯನ್ ಮಾರ್ಬಲ್ಲಿನ ಸಾಗಾಣಿಕೆ ಖರ್ಚು ಸೇರಿರುತ್ತದೆ, ಒಡೆಯದ ಹಾಗೆ ಹುಲ್ಲು ಸುತ್ತಿ ತಂದದ್ದೂ ಸೇರಿರುತ್ತದೆ. ಅದನ್ನು ಹಾಸುವವನ ಸಾಗಾಣಿಕೆ ಸೇರಿರುವುದಿಲ್ಲ. ಕಾನೂನಿಗೆ ಇದು ಹೊಳೆದಿರಲಿಲ್ಲ ಅಂತಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ಗುತ್ತಿಗೆದಾರನೇ ಕೂಲಿಯವರಿಗೆ ಪ್ರಯಾಣ ಭತ್ಯೆ ಕೊಡಬೇಕು ಅಂತಿತ್ತು. ಆದರೆ ಹೆಸರೇ ಹೇಳುವಂತೆ ಅಂತರರಾಜ್ಯ. ಕೃಷ್ಣಾ ದಾಟಿ ಹೈದರಾಬಾದಿಗೆ ಹೋದರೆ ಕಾಗದದ ಮೇಲಾದರೂ ನೀವು ವಲಸೆ ಕಾರ್ಮಿಕ. ಅದಕ್ಕಿಂತ ದುಪ್ಪಟ್ಟು ದೂರದ ಬೆಂಗಳೂರಿಗೆ ಹೋದರೆ, ಒಂದೇ ರಾಜ್ಯ ನೋಡಿ, ನೀವು ಬರೀ ಪ್ರಯಾಣಿಕ.

ಬಸ್ಸು ಇಲ್ಲವೇ ಅಂತ ಕೇಳಬಹುದು. ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ನಮ್ಮ ಕಡೆಯ ಹೆಂಗಸರು ಹಕ್ಕಿನಿಂದ ಕೂರುತ್ತಾರೆ, ಎಷ್ಟೋ ಕುಟುಂಬ ಕ್ರೂಸರ್ ಬಿಟ್ಟು ಬಸ್ ಹತ್ತಿವೆ. ನಮ್ಮ ಆಫೀಸಿನಲ್ಲಿ ಅದನ್ನು ಬಿಟ್ಟಿ ಭಾಗ್ಯ ಅಂದವರೇ ಕಾರಿನ ತೆರಿಗೆ ಇಳಿದಾಗ ಸುಧಾರಣೆ ಅಂದರು. ಎರಡರಲ್ಲೂ ಸರ್ಕಾರ ಬಿಟ್ಟುಕೊಟ್ಟದ್ದು ದುಡ್ಡನ್ನೇ, ಒಂದರಲ್ಲಿ ಕೊಂಡವರಿಗೆ, ಇನ್ನೊಂದರಲ್ಲಿ ಕುಂತವರಿಗೆ. ಆದರೆ ಜೋಳದ ಚೀಲ, ಬೋಗಾಣಿ, ಸಲಿಕೆ ಎಲ್ಲ ಹೊತ್ತು ಮೆಜೆಸ್ಟಿಕ್‌ನಲ್ಲಿ ಇಳಿದು ನಸುಕಿನಲ್ಲಿ ಸೈಟು ಹುಡುಕಿಕೊಂಡು ಹೋಗುವುದು ಬಸ್ಸಿನವರಿಗೆ ಆಗುವುದಿಲ್ಲ. ಕ್ರೂಸರ್ ಕೇರಿಯ ಬಾಗಿಲಿನಿಂದ ಸೈಟಿನ ಶೆಡ್ಡಿಗೆ ಮುಟ್ಟಿಸುತ್ತದೆ. ರೈಲಿನ ಮಾತು ಬಿಡಿ. ಗಿಣಿಗೇರಾ-ರಾಯಚೂರು ಮಾರ್ಗ ತೊಂಬತ್ತರ ದಶಕದಲ್ಲಿ ಮಂಜೂರಾಗಿ ಸಿಂಧನೂರು ಮುಟ್ಟಿದ್ದು 2024ರಲ್ಲಿ. ದೇವದುರ್ಗಕ್ಕೆ ರೈಲೇ ಇಲ್ಲ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಕೇಂದ್ರ ತಂದ ತಿದ್ದುಪಡಿ ತೆಗೆದು ನೋಡಿ. ಬೆಲ್ಟ್ ಹಾಕದಿದ್ದರೆ ದಂಡ 1000 ರೂಪಾಯಿ. ಮಿತಿಗಿಂತ ಹೆಚ್ಚು ಪ್ರಯಾಣಿಕರನ್ನು ಹಾಕಿಕೊಂಡರೆ, ಹೆಚ್ಚುವರಿ ತಲೆಯೊಂದಕ್ಕೆ 200. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನಾನು ಬಹಳ ಹೊತ್ತು ನೋಡಿದ್ದೇನೆ. ಅದೇ ಕಲಂನಲ್ಲಿ ಮುಂದೆ ಇನ್ನೊಂದು ಸಾಲಿದೆ: ಹೆಚ್ಚುವರಿ ಪ್ರಯಾಣಿಕರನ್ನು ಇಳಿಸಿ ಅವರಿಗೆ ಬದಲಿ ವಾಹನದ ವ್ಯವಸ್ಥೆ ಆಗುವವರೆಗೆ ಗಾಡಿ ಬಿಡುವಂತಿಲ್ಲ. ಬರೆದವರಿಗೆ ಕುಂತವರ ನೆನಪಿತ್ತು ಅನ್ನೋದಕ್ಕೆ ಇದು ಸಾಕ್ಷಿ. ಹಿರಿಯೂರಿನ ಹತ್ತಿರ ರಾತ್ರಿ ಎರಡಕ್ಕೆ ಹನ್ನೊಂದು ಜನರನ್ನು ಇಳಿಸಿದರೆ ಬದಲಿ ವಾಹನ ಯಾರು ತರಬೇಕು ಅನ್ನುವುದು ಅಲ್ಲಿಲ್ಲ. ಹಾಗಾಗಿ ಗಾಡಿ ಮುಂದೆ ಹೋಗುತ್ತದೆ.

ಗುದ್ದಿದ ಮೇಲಿನ ಲೆಕ್ಕವೂ ಸೀಟಿನದೇ. ಇನ್ಶೂರೆನ್ಸ್ ಇರುವುದು ಪಾಲಿಸಿಯಲ್ಲಿ ಬರೆದಷ್ಟು ಜನಕ್ಕೆ. 42 ಪ್ರಯಾಣಿಕರ ಬಸ್ಸಿನಲ್ಲಿ 90 ಜನರಿದ್ದ ಒಂದು ಅಪಘಾತದ ಪ್ರಕರಣ, ಅಂಜನಾ ಶ್ಯಾಮ್ ಪ್ರಕರಣ ಅಂತ, 2007ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. 42ಕ್ಕಿಂತ ಹೆಚ್ಚಿಗೆ ಕೊಡು ಅಂತ ವಿಮಾ ಕಂಪನಿಗೆ ಹೇಳುವಂತಿಲ್ಲ. ಹಾಗಾದರೆ ತೊಂಬತ್ತರಲ್ಲಿ ಆ ನಲವತ್ತೆರಡು ಯಾರು? ಮೊದಲು ಹತ್ತಿದವರೋ, ಸೀಟು ಸಿಕ್ಕವರೋ? ಕೋರ್ಟ್ ಹೀಗೆ ಬಿಡಿಸಿತು: ಪರಿಹಾರಗಳಲ್ಲಿ ದೊಡ್ಡ ಮೊತ್ತದ 42ನ್ನು ಕಂಪನಿ ಕಟ್ಟಲಿ, ಆ ಒಟ್ಟು ದುಡ್ಡನ್ನು ಎಲ್ಲರಿಗೂ ಪಾಲಿನ ಪ್ರಕಾರ ಹಂಚಿ. ಹತ್ತಿದವರನ್ನೆಲ್ಲ ಒಂದು ಪಂಕ್ತಿಯಲ್ಲಿ ಕೂರಿಸಿದ ಇಂಥ ಲೆಕ್ಕ ನನಗೆ ಯಾವ ಉದ್ಯಮದ ವರದಿಯಲ್ಲೂ ಸಿಕ್ಕಿಲ್ಲ. ಕಡಿಮೆ ಬಿದ್ದದ್ದನ್ನು ಗಾಡಿಯ ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು ಅಂತಲೂ ತೀರ್ಪಿನಲ್ಲಿದೆ. ನಮ್ಮ ಕಡೆ ಮಾಲೀಕ ಅಂದರೆ ಕ್ರೂಸರಿನ ಕಂತು ಇನ್ನೂ ಕಟ್ಟುತ್ತಿರುವವನು. ಎಷ್ಟೋ ಸಲ ಆ ರಾತ್ರಿ ಸ್ಟೀರಿಂಗ್ ಹಿಡಿದವನೂ ಅವನೇ.